ಎರೆಭೂತದ ರೆಕ್ಕೆಯಲ್ಲಿದ್ದ ಕುಡುಗೋಲು

ರಾಣೆಬೆನ್ನೂರು ದಾಟಿ ಹಾವೇರಿ ಕಡೆ ಹೋಗುವ ದೊಡ್ಡ ರಸ್ತೆಯ ಬದಿಯಲ್ಲಿ ಆಗ ಒಬ್ಬ ವೆಲ್ಡಿಂಗಿನವನು ಕಬ್ಬಿಣದ ಪ್ರಾಣಿಗಳನ್ನು ಮಾಡಿ ನಿಲ್ಲಿಸುತ್ತಿದ್ದ. ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ. ಒಂದು ಕಡೆ ಹೊಸ ರಸ್ತೆ, ಇನ್ನೊಂದು ಕಡೆ ಕಿತ್ತು ಹಾಕಿದ ಹಳೆಯದು, ನಡುವೆ ಧೂಳು. ಆ ಧೂಳಿನಲ್ಲಿ ಮೊದಲು ಒಂದು ಚಿಗರಿ ಕಾಣುತ್ತಿತ್ತು. ಅದರ ಕೊಂಬಿಗೆ ಗಾಡಿಯ ಸ್ಪ್ರಿಂಗು ಎಳೆದು ಹಾಕಿದ್ದ. ಆಮೇಲೆ ಸೈಕಲ್ ಚೈನಿನ ಹಾವು, ಕೆಟ್ಟ ಪಂಪಿನ ಹೊಟ್ಟೆಯ ಹಂದಿ, ಬಂಡಿಯ ಹಳಿ ಬಗ್ಗಿಸಿ ಮಾಡಿದ ಎತ್ತು. ಎತ್ತಿಗೆ ಬಾಲ ಇರಲಿಲ್ಲ. ಹಾಕಿದ್ದನೋ, ಯಾರೋ ಕಿತ್ತುಕೊಂಡು ಹೋದರೋ ಗೊತ್ತಿಲ್ಲ.

ನಾನು ಅವನ್ನು ನೋಡುತ್ತಿದ್ದದ್ದು ಟೆಂಪೋದ ಮುಂದಿನ ಸೀಟಿನಿಂದ, ಮೆಣಸಿನಕಾಯಿ ಚೀಲ ಹೇರಿಕೊಂಡು ಕುಪ್ಪೇಲೂರಿನಿಂದ ಬ್ಯಾಡಗಿ ಪ್ಯಾಟೆಗೆ ಹೋಗುವಾಗ. ಟೆಂಪೋ ನನ್ನ ಅಣ್ಣನ ಮಗನದು, ಹೊಡೆಯುವವನೂ ಅವನೇ. ಗಂಡ ಸತ್ತ ಮೇಲೆ ಮಾಲಿನ ಜೊತೆ ನಾನೇ ಹೋಗುತ್ತಿದ್ದೆ. ನನ್ನ ಗಂಡುಮಕ್ಕಳು ಹೊಲ ನೋಡುತ್ತಾರೆ, ಆದರೆ ದಲಾಲಿ ಅಂಗಡಿಯಲ್ಲಿ ಕುಳಿತು ಜಗಳ ಆಡುವ ಬಾಯಿ ಅವರಿಗಿಲ್ಲ. ಆ ಬಾಯಿ ನನ್ನದು.

"ಅತ್ತಿ, ಆ ಎತ್ತ ನೋಡ್ರಿ. ಥೇಟ್ ನಮ್ಮ ಮಾವನ ಕಂಡಂಗ ಐತಿ," ಎನ್ನುತ್ತಿದ್ದ ಅಳಿಯ. ಮಾವ ಎಂದರೆ ತೀರಿಕೊಂಡ ನನ್ನ ಗಂಡ.

"ನಿಮ್ಮ ಮಾವಗ ಬಾಲಾ ಇತ್ತು. ಅದಕ್ಕಿಲ್ಲ."

"ಎಲ್ಲಿತ್ತ್ರಿ?"

"ನಾನ ಇದ್ನೆಲ್ಲೋ ಬೆನ್ನ ಹಿಂದ."

ಹೀಗೆ ನಗುತ್ತ ಹೋಗುತ್ತಿದ್ದೆವು. ಆ ಕಬ್ಬಿಣ ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆಯೂ ಯೋಚನೆ ಮಾಡಲಿಲ್ಲ. ನಮ್ಮಂಥವರ ಮನೆಯಿಂದಲೇ ಬರುತ್ತಿತ್ತು.

ನಮ್ಮದು ಎರಡು ಪಾಲಾದ ಮನೆ. ನಡುವೆ ಗೋಡೆ. ಈ ಕಡೆ ನಾನು, ಆ ಕಡೆ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಅವಳೂ ಗಂಡನನ್ನು ಕಳೆದುಕೊಂಡವಳು. ಪಾಲು ಮಾಡಿದ ಹಿರಿಯರು ಹಿತ್ತಲಿನ ದನದ ಕೊಟ್ಟಿಗೆಯನ್ನು ಮಾತ್ರ ಹಂಚಲಿಲ್ಲ, ಅದು ಇಬ್ಬರಿಗೂ ಇರಲಿ ಎಂದರು. ಟ್ರ್ಯಾಕ್ಟರ್ ಬಂದಮೇಲೆ ದನಗಳು ಹೋದವು. ಕೊಟ್ಟಿಗೆಯಲ್ಲಿ ಮುರಿದ ಕುಂಟೆ, ಬಾಗಿದ ಸಲಿಕೆ, ತೂತು ಬಿದ್ದ ಕೊಡ ಉಳಿದವು. ಅದರ ಗೋಡೆಯಲ್ಲಿ ಒಂದು ಮಾಡ ಇತ್ತು, ದೀಪ ಇಡುವ ಗೂಡು. ಆ ಮಾಡದಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಅಕ್ಕನ ಕುಡುಗೋಲು ಇರುತ್ತಿತ್ತು.

ಅದು ಹುಲ್ಲು ಕೊಯ್ಯುವ ಕುಡುಗೋಲಲ್ಲ. ಅಕ್ಕ ತವರಿನಿಂದ ತಂದದ್ದು. ಬಸುರಿಗೆ ಬ್ಯಾನೆ ಶುರುವಾದ ಕೂಡಲೇ ತಲೆದಿಂಬಿನ ಕೆಳಗೆ ಅದನ್ನು ಇಟ್ಟರೆ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನದವರೆಗೆ ತೆಗೆಯುವಂತಿಲ್ಲ. ಕಬ್ಬಿಣ ಇದ್ದ ಕಡೆ ಕೆಟ್ಟದ್ದು ಸುಳಿಯುವುದಿಲ್ಲ ಎಂದು. ಯಾವ ಕಬ್ಬಿಣವಾದರೂ ಆದೀತು ಎನ್ನುವ ಮನೆಗಳಿವೆ. ನಮ್ಮ ಮನೆಗೆ ಇದೇ ಆಗಬೇಕು. ಇದರಿಂದ ಏನನ್ನೂ ಕೊಯ್ಯಬಾರದು, ಇದನ್ನು ಮಸೆಯಬಾರದು, ತಿಕ್ಕಿ ತೊಳೆಯಬಾರದು. ಹೀಗಾಗಿ ಅದು ತುಕ್ಕು ಹಿಡಿದು, ಮೊಂಡಾಗಿ, ಕೊಟ್ಟಿಗೆಯಲ್ಲಿದ್ದ ಸಾಮಾನುಗಳಲ್ಲೆಲ್ಲ ಕೆಲಸಕ್ಕೆ ಬಾರದ್ದು ಇದೇ ಎನ್ನುವ ಹಾಗೆ ಕಾಣುತ್ತಿತ್ತು. ಬುಡದಲ್ಲಿ ಒಂದು ಹಿತ್ತಾಳೆಯ ಮೊಳೆ ಇತ್ತು, ಅದೊಂದೇ ಗುರುತು.

ಅಕ್ಕ ತನ್ನ ಒಬ್ಬಳೇ ಮಗಳನ್ನು ಹಡೆದದ್ದು ಅದರ ಮೇಲೆ ತಲೆ ಇಟ್ಟು. ನಾನು ನನ್ನ ಗಂಡುಮಕ್ಕಳನ್ನು ಹಡೆದದ್ದೂ ಹಾಗೇ. ದಿಂಬಿನೊಳಗಿಂದ ಕಿವಿಗೆ ಒತ್ತುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಕೆಟ್ಟದ್ದು ಬಾರದಿದ್ದದ್ದು ಅದಕ್ಕೇ ಇರಬೇಕು, ತಾಯಿ ಎಚ್ಚರ ಇರುತ್ತಿದ್ದಳಲ್ಲ. ಕಬ್ಬಿಣದ ತುಂಡು ಕೂಸನ್ನು ಕಾಯುತ್ತದೆ ಎಂದು ನಾನು ಮನಸಾರೆ ನಂಬಿದವಳಲ್ಲ. ಆದರೂ ಇಟ್ಟುಕೊಂಡು ಮಲಗಿದವಳು.

ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ಗುಜರಿಯವನು ತಳ್ಳುಗಾಡಿ ತಳ್ಳಿಕೊಂಡು ನಮ್ಮ ಓಣಿಗೆ ಬಂದ. ಹಳೆ ಕಬ್ಬಿಣ ತೂಗಿಕೊಂಡು ಬೆಳ್ಳುಳ್ಳಿ ಕೊಡುತ್ತಿದ್ದ. ಅಕ್ಕ ಹೊಲಕ್ಕೆ ಹೋಗಿದ್ದಳು. ನಾನು ಕೊಟ್ಟಿಗೆ ಖಾಲಿ ಮಾಡಿದೆ. ಕುಂಟೆಯ ಅಲಗು, ಸಲಿಕೆ, ಕೊಡ, ಬಾವಿಯ ಗಾಲಿ, ಎಲ್ಲ ಅಂಗಳಕ್ಕೆ ಎಳೆದು ಹಾಕಿದೆ. ತೂಗಿದ. ತಕ್ಕಡಿಯ ತಟ್ಟೆ ಇನ್ನೂ ಸ್ವಲ್ಪ ಮೇಲೆಯೇ ಇತ್ತು.

"ಒಂದೀಟ ಕಡಿಮಿ ಬೀಳತೈತ್ರಿ ಅವ್ವಾರ. ಏನರ ತುಣುಕ ಇದ್ರ ಹಾಕ್ರಿ, ಇನ್ನೊಂದ ಬೊಗಸಿ ಬಳ್ಳೊಳ್ಳಿ ಕೊಡ್ತೇನಿ," ಎಂದ.

ನಾನು ಒಳಗೆ ಹೋಗಿ ಮಾಡಕ್ಕೆ ಕೈ ಹಾಕಿದೆ. ಸೀರೆಯ ತುಂಡು ಬಿಚ್ಚಿದಾಗ ಗುರುತು ಸಿಕ್ಕಿತು. ಸಿಗಲಿಲ್ಲ ಎಂದರೆ ಸುಳ್ಳು. ಅಕ್ಕನಿಗೂ ಹಡೆಯುವ ವಯಸ್ಸು ಹೋಯಿತು, ನನಗೂ ಹೋಯಿತು, ಈಗಿನ ಹುಡುಗಿಯರು ದವಾಖಾನೆಯಲ್ಲಿ ಹಡೆಯುತ್ತಾರೆ, ಇದು ಇನ್ನು ಯಾರಿಗೆ ಬೇಕು ಅಂದುಕೊಂಡೆ. ತಟ್ಟೆಗೆ ಹಾಕಿದೆ. ತಟ್ಟೆ ಕೆಳಗಿಳಿಯಿತು. ಸೆರಗೊಡ್ಡಿ ಬೆಳ್ಳುಳ್ಳಿ ತೆಗೆದುಕೊಂಡೆ. ಸೀರೆಯ ತುಂಡಿನಿಂದ ತೊಲೆಯ ಧೂಳು ಒರೆಸಿ ಅದನ್ನೂ ಒಲೆಗೆ ಹಾಕಿದೆ.

ಅಕ್ಕನ ಮಗಳನ್ನು ಹಾವೇರಿಗೆ ಕೊಟ್ಟಿತ್ತು. ಇದಕ್ಕೂ ಮುಂಚೆ ಅವಳಿಗೆ ಒಂದು ಕೂಸಾಗಿ ಹೋಗಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವ ಮೊದಲೇ ಬ್ಯಾನೆ ಬಂದು, ದಿನ ತುಂಬದೆ ಅಲ್ಲೇ ಹಡೆದಳು. ಗಂಡುಕೂಸು. ಒಂದೇ ದಿನ ಇತ್ತು. ಅದರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೇ ಇದ್ದರೆ ಮರೆತ ಹಾಗೆ ಎಂದು ನಾನು ತಿಳಿದಿದ್ದೆ.

ಕುಡುಗೋಲು ಹೋಗಿ ಸ್ವಲ್ಪ ದಿನಕ್ಕೆ ಹುಡುಗಿ ಮತ್ತೆ ಬಸುರಿ ಎಂದು ಸುದ್ದಿ ಬಂತು. ಈ ಸಲ ಅಕ್ಕ ಕಾಯಲಿಲ್ಲ. ಲಗೂ ಹೋಗಿ ಮಗಳನ್ನು ಕರೆದುಕೊಂಡು ಬಂದಳು. ಮರುದಿನ ಮುಂಜಾನೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಬಂದು ಹೊಸ್ತಿಲ ಮೇಲೆ ಕುಳಿತಳು.

"ತಂಗಿ, ಆ ಕುಡಗೋಲ ತಗದಿಡು. ಈ ಸಲ ನನ್ನ ಕೈಯಾರೆ ಇಡಾಕಿ ನಾ."

"ರಾಣೆಬೆನ್ನೂರ ದವಾಖಾನ್ಯಾಗ ಹಡಿಯಾಕ್ಯಲ್ಲ? ಅಲ್ಲಿ ಕುಡಗೋಲ ಇಡಾಕ ಬಿಡ್ತಾರ?"

"ಬಿಡದಿದ್ರ ಸೆರಗಿನ್ಯಾಗ ಮುಚಗೊಂಡ ಒಯ್ತೇನಿ. ನರ್ಸಬಾಯಿ ಬಂದ ನನ್ನ ಸೆರಗ ಜಗ್ಗತಾಳೇನು?"

ನಾನು ರೊಟ್ಟಿ ತಿರುವಿ ಹಾಕಿದೆ. ಅವಳು ಎದ್ದು ಹೋಗಲಿಲ್ಲ.

"ಹ್ವಾದ ಸಲ ನಾ ಕಳಸಲಿಲ್ಲ," ಎಂದಳು. "ಬ್ಯಾನಿ ಬಂದಾವಂತ ಫೋನ್ ಬಂದಕೂಡ್ಲೆ ಕುಡಗೋಲ ತಗೊಂಡ ಬಸ್ಸಿನ ತನಕ ಹೋಗಿದ್ದೆ. ಡ್ರೈವರನ ಕೈಯಾಗ ಕೊಟ್ಟ ಕಳಸೂನು, ಮಗಳ ಗಂಡ ಸ್ಟ್ಯಾಂಡಿಗೆ ಬಂದ ಇಸಗೋತಾನ ಅಂತ. ಇದ ಯಾಕ ಬೇ ಅಂತ ಕೇಳಿದ್ರ ಮಂದ್ಯಾಗ ಏನ ಹೇಳ್ಲಿ ಅಂತ ನಾಚಿಗಿ ಆತು. ತಿರುಗಿ ಬಂದ ಮಾಡದಾಗ ಇಟ್ಟೆ. ಆ ಕೂಸಿನ್ನ ನಾನ ಕಳಕೊಂಡೆ, ತಂಗಿ."

ಇದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆಗ ನಾನು ಹೇಳಬೇಕಿತ್ತು. ಬಾಯಿಯಲ್ಲಿ ಬಂದದ್ದು ಬೇರೆ.

"ಐತಿ. ಎಲ್ಲಿ ಹೋಗತೈತಿ? ಸಾಮಾನು ಆಚೀಚಿ ಮಾಡೇನಿ, ಹುಡುಕಿ ಕೊಡ್ತೇನಿ."

ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅಕ್ಕ ಅದನ್ನು ನೋಡಿ, "ನಿನಗೂ ವಯಸ್ಸಾತು," ಎಂದು ಎದ್ದು ಹೋದಳು.

ಗುಜರಿಯವನು ಮತ್ತೆ ಓಣಿಗೆ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಬಂದ ದಿನ ಅವನ ಗಾಡಿ ಹಿಡಿದು ನಿಲ್ಲಿಸಿ ಕೇಳಿದೆ. ಅವನು ನಕ್ಕ.

"ಅದು ಹಾರಿ ಹೋಗಿರಬೇಕ್ರಿ ಅವ್ವಾರ. ರಸ್ತಾದ ಬಾಜೂಕ ವೆಲ್ಡಿಂಗಿನಾವ ಅದಾನಲ್ರಿ, ಪ್ರಾಣಿ ಮಾಡಾಂವ, ಕುಡಗೋಲ ಇದ್ದಷ್ಟೂ ನನ್ನ ಕಡೇನ ತಗೋತಾನ. ದೊಡ್ಡದೊಂದ ಹಕ್ಕಿ ಮಾಡಾಕತ್ತಾನ. ರೆಕ್ಕಿಗೆ ಬೇಕಂತ."

ಅದೇ ವಾರ ಬ್ಯಾಡಗಿಗೆ ಮಾಲು ಹೋಗುವುದಿತ್ತು. ಟೆಂಪೋ ಹತ್ತಿದೆ. ಅಳಿಯನಿಗೆ ಏನೂ ಹೇಳಲಿಲ್ಲ. ಚಿಗರಿ ಕಂಡ ಕೂಡಲೇ, "ಇಲ್ಲೊಂದೀಟ ನಿಲ್ಲಸು, ಹಕ್ಕಿ ನೋಡೂನು," ಎಂದೆ.

"ಹಕ್ಕಿ ನೋಡಾಕ? ಪ್ಯಾಟಿ ತುಂಬಿ ಹೋಗತೈತ್ರಿ ಅತ್ತಿ, ಚೀಲ ಇಳಸಾಕ ಜಾಗ ಸಿಗೂದಿಲ್ಲ."

"ನಿಲ್ಲಸು ಅಂದೆ."

ಬೇವಿನ ಮರದ ಕೆಳಗೆ ಅದು ನಿಂತಿತ್ತು. ನನಗಿಂತ ಎತ್ತರ. ಬಂಡಿಯ ಅಚ್ಚಿನ ಕಾಲು, ನೀರಿನ ಪೈಪಿನ ಕುತ್ತಿಗೆ. ಅಗಲಿಸಿದ ಎರಡು ರೆಕ್ಕೆಗೂ ಕುಡುಗೋಲುಗಳನ್ನು ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಹೊದಿಸಿದ್ದ. ನೋಡಿದ ಕೂಡಲೇ ಗೊತ್ತಾಯಿತು, ಎರೆಭೂತ. ನಾನು ಹುಡುಗಿಯಾಗಿದ್ದಾಗ ಎರೆಹೊಲದಲ್ಲಿ ಅವು ಇದ್ದವು. ದೊಡ್ಡ ಹಕ್ಕಿ, ಜೋಳದ ಸಾಲಿನ ನಡುವೆ ಮನುಷ್ಯರ ಹಾಗೆ ತಲೆ ಎತ್ತಿಕೊಂಡು ನಡೆಯುತ್ತಿತ್ತು. ಈಗ ಇಲ್ಲ. ಯಾವಾಗ ಇಲ್ಲವಾದವು ಎಂದು ನಾವು ಯಾರೂ ಗಮನಿಸಲಿಲ್ಲ.

"ಇಷ್ಟ ದೊಡ್ಡ ಕೋಳಿ ಯಾಕ ಮಾಡೀಯೋ?" ಎಂದು ಅಳಿಯ ವೆಲ್ಡಿಂಗಿನವನನ್ನು ಕೆಣಕಿದ.

ಅವನು ಕಪ್ಪು ಕನ್ನಡಕ ಹಣೆಗೆ ಏರಿಸಿದ. ನಡುವಯಸ್ಸಿನವನು. ತೋಳಿನ ತುಂಬ ಕಿಡಿ ಬಿದ್ದ ಕಲೆ. "ಕೋಳಿ ಅಲ್ರಿ, ಎರಿಭೂತ. ಅಡವಿ ಇಲಾಖೇದ ಬೋರ್ಡಿನ ಮ್ಯಾಲಿಂದು ನೋಡಿ ಮಾಡೇನಿ."

"ಅಡವ್ಯಾಗ ಇಲ್ಲಂತ ರಸ್ತಾದಾಗ ನಿಲ್ಲಿಸಿಯೇನು?"

"ಖಾನಾವಳಿಯವರ ಹೇಳಿ ಮಾಡಿಸ್ಯಾರ್ರಿ. ಊಟಕ್ಕ ಬಂದ ಮಂದಿ ಫೋಟೋ ತಕ್ಕೊಳ್ಳಾಕ."

ಅವರು ಮಾತಾಡುತ್ತಿದ್ದರು. ನಾನು ರೆಕ್ಕೆಯ ಸುತ್ತ ತಿರುಗುತ್ತಿದ್ದೆ. ಒಂದು ರೆಕ್ಕೆಗೆ ಆಗಲೇ ಬೆಳ್ಳಿ ಬಣ್ಣ ಬಳಿದಾಗಿತ್ತು. ಉಗುರಿನಿಂದ ಒಂದೊಂದೇ ಕುಡುಗೋಲಿನ ಬುಡ ಕೆರೆದು ನೋಡಿದೆ. ಅದರಲ್ಲಿ ಇರಲಿಲ್ಲ. ಬಣ್ಣ ಹಚ್ಚದ ರೆಕ್ಕೆಯಲ್ಲಿ, ಕೆಳಗಿನ ಸಾಲಿನಲ್ಲಿ, ಹಿತ್ತಾಳೆಯ ಮೊಳೆ ಕಂಡಿತು. ಹಿಡಿ ಇರಲಿಲ್ಲ. ಬಾಗಿದ ಬೆನ್ನು ಮಾತ್ರ ಅದೇ. ಕೈ ಇಟ್ಟೆ. ಬಿಸಿಲಿಗೆ ಕಾದಿತ್ತು.

"ಇದನ್ನ ತಗದ ಕೊಡ್ತಿಯೇನು ತಮ್ಮಾ?"

"ಯಾವುದನ್ರಿ?"

"ಈ ಕುಡಗೋಲ."

ಹಕ್ಕಿಯ ಕಣ್ಣನ್ನೇ ಕೇಳಿದೆನೇನೋ ಎನ್ನುವ ಹಾಗೆ ಅವನು ನನ್ನನ್ನು ನೋಡಿದ. "ಅದರ ಮ್ಯಾಲ ಉಳದಾವೆಲ್ಲಾ ಕುಂತಾವ್ರಿ ಅಮ್ಮಾರ. ಅದನ ಕೊಯ್ದ್ರ ಅರ್ಧ ರೆಕ್ಕಿ ಬಿಚ್ಚಬೇಕ. ಇವತ್ತ ಸಂಜಿಮುಂದ ಒಯ್ಯಾಕ ಲಾರಿ ಬರತೈತಿ." ಆಮೇಲೆ ನನ್ನ ಮುಖದಲ್ಲಿ ಏನು ಕಂಡನೋ, ಸ್ವರ ಇಳಿಸಿದ. "ಅಷ್ಟ ಬೇಕಾದದ್ದಾದ್ರ ಯಾಕಂತ ಹೇಳ್ರಿ. ಅವರಿಗೆ ಫೋನ್ ಮಾಡಿ ನಾಳಿ ಬರ್ರಿ ಅಂತೇನಿ. ರೆಕ್ಕಿ ಮತ್ತ ಕಟ್ಟಬಹುದು."

"ಯಾಕ್ರಿ ಅತ್ತಿ, ಏನೈತಿ ಅದರಾಗ?" ಎಂದು ಅಳಿಯನೂ ಹತ್ತಿರ ಬಂದ.

ವೆಲ್ಡಿಂಗಿನವನು ಕೇಳಿದ್ದು ಒಂದೇ ಮಾತು, ಯಾಕೆ ಎಂದು. ಬಾಣಂತಿಯ ಕುಡುಗೋಲು, ನನ್ನದಲ್ಲ, ಒಂದು ಬೊಗಸೆ ಬೆಳ್ಳುಳ್ಳಿಗೆ ಕೊಟ್ಟೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅಳಿಯನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಬೀಳುತ್ತದೆ. ದಲಾಲರ ಮುಂದೆ ಆಡುವ ಬಾಯಿ ಅಲ್ಲಿ ಆಡಲಿಲ್ಲ.

"ಏನಿಲ್ಲ. ಬಾಗಿದ್ದು ಚಂದ ಐತಂತ ಕೇಳಿದೆ," ಎಂದೆ.

ಮೂಲೆಯಲ್ಲಿ ಗುಜರಿ ಗುಂಪು ಇತ್ತು. ಅದರಲ್ಲಿ ಹುಡುಕಿ ಅಷ್ಟೇ ಉದ್ದದ, ಅಷ್ಟೇ ತುಕ್ಕಿನ ಒಂದು ಕುಡುಗೋಲು ತೆಗೆದೆ. ಅದಕ್ಕೆ ಹಿಡಿಯೂ ಇತ್ತು. "ಇದರ ಬುಡಕ ಒಂದ ಹಿತ್ತಾಳಿ ಮಳಿ ಹೊಡದ ಕೊಡು," ಎಂದೆ.

"ಚಂದ ಕಾಣಾಕೇನ್ರಿ?"

"ಹೂಂ."

ಹೊಡೆದು ಕೊಟ್ಟ. ಹೊಸ ಮೊಳೆ ಹೊಳೆಯುತ್ತಿತ್ತು. ಟೆಂಪೋದಲ್ಲಿ ಕುಳಿತು ಅದಕ್ಕೆ ಕೈಯ ಬೆವರನ್ನೂ ಧೂಳನ್ನೂ ತಿಕ್ಕಿ ತಿಕ್ಕಿ ಮಬ್ಬು ಮಾಡಿದೆ. ಅಕ್ಕ ಬಸ್ಸಿನ ಹತ್ತಿರ ನಾಚಿದಳು, ನಾನು ರಸ್ತೆಯ ಬದಿಯಲ್ಲಿ ನಾಚಿದೆ. ಅವಳು ಮನೆಗೆ ಹೋಗಿ ತನ್ನನ್ನೇ ತಿಂದುಕೊಂಡಳು. ನಾನು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಮಾರಿದೆ. ಆ ಪ್ಯಾಟೆಯ ಘಾಟಿನಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಕೇಳುವುದಿಲ್ಲ. ನನ್ನ ಕಣ್ಣಲ್ಲಿ ಬರಲೂ ಇಲ್ಲ.

ಮನೆಗೆ ಬಂದು ನನ್ನದೊಂದು ಹಳೆ ಸೀರೆ ಹರಿದು ಅದರಲ್ಲಿ ಸುತ್ತಿ ಕೊಟ್ಟೆ. ಅಕ್ಕ ಬಿಚ್ಚಿ ನೋಡಿದಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮೊಳೆ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು, ಇತ್ತು. ಕಣ್ಣಿಗೆ ಒತ್ತಿಕೊಂಡಳು.

"ಸುತ್ತಿದ ಅರಬಿ ಬ್ಯಾರೆ ಐತಲ್ಲ."

"ಅದನ್ನ ಇಲಿ ಕಡದಿತ್ತು."

"ಇಲಿ ಕಬ್ಬಣಾ ಕಡಿಲಿಲ್ಲಲ್ಲ, ಪುಣ್ಯೇವ," ಎಂದಳು.

ಹುಡುಗಿಗೆ ದಿನ ತುಂಬಿ ಬ್ಯಾನೆ ಬಂತು. ಅಕ್ಕ ಹೇಳಿದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ದವಾಖಾನೆಗೆ ಒಯ್ದು ದಿಂಬಿನ ಕೆಳಗೆ ಇಟ್ಟಳು. ದಿಂಬು ಸರಿಪಡಿಸಲು ಬಂದ ನರ್ಸಬಾಯಿಯ ಕೈಗೆ ಅದು ತಾಗಿತು.

"ಇದೇನ ಬೇ ಇದು? ಹೆರಿಗಿ ವಾರ್ಡೋ, ಜ್ವಾಳದ ಹೊಲಾನೋ?"

"ನಿಮ್ಮ ಕತ್ತರಿ ನಿಮ್ಮ ಟ್ರೇದಾಗ ಇರ್ಲಿ. ನಮ್ಮ ಕುಡಗೋಲ ನಮ್ಮ ದಿಂಬಿನ್ಯಾಗ ಇರ್ಲಿ," ಎಂದಳು ಅಕ್ಕ.

"ತುಕ್ಕ ಹಿಡದೈತಿ, ನಂಜಾಗತೈತಿ."

"ಕೊಯ್ಯೂದಿಲ್ಲರಿ ಅದು. ಸುಮ್ನ ಮಲಗಿರತೈತಿ."

ನರ್ಸಬಾಯಿ ಗೊಣಗುತ್ತ ಅದನ್ನು ಒಂದು ಟವೆಲ್ಲಿನಲ್ಲಿ ಸುತ್ತಿ ಗಾದಿಯ ಕೆಳಗೆ ತಳ್ಳಿ ಹೋದಳು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ನಂಬದವಳಿಗೆ ಹೆದರಿಕೆ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ಆ ಹುಡುಗಿ ಕೂಗಿದಾಗಲೆಲ್ಲ ನನ್ನ ಕೈ ತನ್ನಷ್ಟಕ್ಕೆ ಸೆರಗಿನ ತುದಿ ಹಿಂಡುತ್ತಿತ್ತು. ಏನಾದರೂ ಆದರೆ ನಾನೇ ಮಾಡಿದ್ದು. ಬೇರೆ ಯಾರೂ ಅಲ್ಲ.

ಹೆಣ್ಣುಕೂಸು. ಅತ್ತಿತು. ಚೆನ್ನಾಗಿತ್ತು. ಅಲ್ಲಿಗೆ ಮುಗಿಯಿತು, ಪಾರಾದೆ ಅಂದುಕೊಂಡೆ.

ತೊಟ್ಟಿಲಿಗೆ ಹಾಕಿದ ದಿನ ಬಂದವರೆಲ್ಲ ಉಂಡು ಹೋದ ಮೇಲೆ ಅಕ್ಕ ದಿಂಬಿನ ಕೆಳಗಿಂದ ಕುಡುಗೋಲು ತೆಗೆದಳು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ನಾನು ಎಂಜಲ ಸಾರಿಸುತ್ತಿದ್ದೆ.

"ನೋಡಿದಿಲ್ಲ ತಂಗಿ," ಎಂದಳು. "ಇದು ಇತ್ತು, ಕೂಸು ಉಳೀತು. ಹ್ವಾದ ಸಲ ಇರಲಿಲ್ಲ, ಹೋತು. ಮನಸಿನ್ಯಾಗ ಒಂದೀಟ ಸಂಶೇ ಇತ್ತು ನನಗ, ಇದಕ್ಕಲ್ಲೇನೋ, ಬ್ಯಾರೆ ಯಾತಕ್ಕೋ ಇರಬೇಕಂತ. ಈಗ ಸಂಶೇನೂ ಇಲ್ಲ. ನಾ ಕೊಂದೆ ಅದನ್ನ."

ಸಾರಿಸಿದ ಜಾಗವನ್ನೇ ಮತ್ತೆ ಸಾರಿಸಿದೆ.

ಅವತ್ತಿನಿಂದ ಅಕ್ಕ ಇಳಿಯುತ್ತ ಹೋದಳು. ಕೂಸನ್ನು ಎತ್ತಿಕೊಂಡರೆ ಅಳುವಳು. ನೀರೆರೆಯಲು ಕುಳಿತರೆ, ಮೊದಲಿನ ಕೂಸು ಇದ್ದಿದ್ದರೆ ಈಗ ಓಡಾಡುತ್ತಿತ್ತು ಎನ್ನುವಳು. ನೋಡಲು ಬಂದವರ ಮುಂದೆಯೂ ಅದೇ ಮಾತು. ಮಗಳು ಒಂದು ದಿನ ಕೂಸನ್ನು ಎತ್ತಿಕೊಂಡು ಗೋಡೆಯ ಈ ಕಡೆ ಬಂದಳು.

"ಚಿಗವ್ವ, ಅವ್ವಗ ನೀನರ ಒಂದ ಮಾತ ಹೇಳು. ನನ್ನ ಕೂಸಿನ ಮುಂದ ಅತ್ತ ಅತ್ತ ಇದಕ್ಕ ಏನರ ಆದೀತು ಅಂತ ನನಗ ಅಂಜಿಕಿ ಬರಾಕತ್ತೈತಿ. ನಿನ್ನ ಮಾತ ಕೇಳತಾಳ ಆಕಿ."

"ನಾ ಏನ ಹೇಳ್ಲಿ?"

"ಕುಡಗೋಲಿಗೂ ಅದಕ್ಕೂ ಸಂಬಂಧ ಇಲ್ಲಂತ ಹೇಳು."

ಅದನ್ನು ಖಾತ್ರಿಯಿಂದ ಹೇಳಬಲ್ಲವಳು ಊರಲ್ಲಿ ನಾನೊಬ್ಬಳೇ. ಬೇರೆಯವರು ಹೇಳಿದರೆ ಸಮಾಧಾನದ ಮಾತು. ನಾನು ಹೇಳಿದರೆ ನಡೆದದ್ದು. ಆ ಹುಡುಗಿಯ ದಿಂಬಿನ ಕೆಳಗೆ ಇದ್ದದ್ದು ಗುಜರಿ ಗುಂಪಿನ ತುಂಡು, ಮತ್ತು ಕೂಸು ಉಳಿದಿತ್ತು. ಅಷ್ಟು ಹೇಳಿದರೆ ಅಕ್ಕನ ತಲೆಯ ಮೇಲಿನ ಹೊರೆ ಇಳಿಯುತ್ತದೆ, ನನ್ನದರ ಮೇಲೆ ಬರುತ್ತದೆ. "ಹೇಳ್ತೇನಿ ತಗೋ," ಎಂದು ಹುಡುಗಿಯನ್ನು ಕಳಿಸಿದೆ. ಅವತ್ತು ಹೇಳಲಿಲ್ಲ. ಮರುದಿನವೂ ಇಲ್ಲ. ಗೋಡೆಯ ಆ ಕಡೆ ಅಕ್ಕ ಅಳುವುದು ಈ ಕಡೆ ಕೇಳುತ್ತಿತ್ತು. ನಾನು ಪಾತ್ರೆಯನ್ನು ಜೋರಾಗಿ ತಿಕ್ಕುತ್ತಿದ್ದೆ.

ಬಾಣಂತನ ಮುಗಿದು ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ತೊಟ್ಟಿಲು, ಗಾದಿ, ಅಂಟಿನುಂಡೆಯ ಡಬ್ಬಿ ಎಲ್ಲ ಅಳಿಯನ ಟೆಂಪೋದಲ್ಲಿ ಹೇರಿಕೊಂಡು ನಾವಿಬ್ಬರೂ ಹಾವೇರಿಗೆ ಬಿಟ್ಟು ಬರಲು ಹೋದೆವು. ಹೊರಡುವಾಗ ಅಕ್ಕ ಕೂಸಿನ ಕೈಯನ್ನು ಬಿಡಲೊಲ್ಲಳು. ಮಗಳೇ ಬಿಡಿಸಿದಳು. ಬಿಡಿಸಿ, ನನ್ನ ಕಡೆ ಒಮ್ಮೆ ನೋಡಿದಳು.

ತಿರುಗಿ ಬರುವಾಗ ಖಾನಾವಳಿಯ ಮುಂದೆ ಎರೆಭೂತ ಕಂಡಿತು. ಸಿಮೆಂಟ್ ಕಟ್ಟೆ ಕಟ್ಟಿ ಮೇಲೆ ನಿಲ್ಲಿಸಿದ್ದರು. ಮೈಯೆಲ್ಲ ಬೆಳ್ಳಿ ಬಣ್ಣ.

"ನಿಲ್ಲಸು," ಎಂದೆ ಅಳಿಯನಿಗೆ. "ನೀ ಹೋಗಿ ಚಾ ಕುಡಿ. ನಾವು ಆಮ್ಯಾಲ ಬರ್ತೇವಿ."

"ಮತ್ತ ಕೋಳಿ ನೋಡಾಕೇನ್ರಿ?" ಎಂದ. ಕೆಳಗಿಳಿದು ಹೋದ.

ಅಕ್ಕನ ಕೈ ಹಿಡಿದು ಕಟ್ಟೆಯ ಹತ್ತಿರ ಕರೆದೊಯ್ದೆ. ಎಡಗಡೆಯ ರೆಕ್ಕೆ, ಕೆಳಗಿನ ಸಾಲು. ಅವಳ ಬೆರಳು ಹಿಡಿದು ಮೊಳೆಯ ಮೇಲೆ ಇಟ್ಟೆ. ಬಣ್ಣದ ಕೆಳಗೆ ಅದು ಉಬ್ಬಿತ್ತು.

"ಏನಿದು?"

"ನಿನ್ನ ಕುಡಗೋಲ."

ಅವಳು ನನ್ನನ್ನು ನೋಡಿದಳು. ನಾನು ಹೇಳಿದೆ. ತಕ್ಕಡಿ, ಬೆಳ್ಳುಳ್ಳಿ, ಗುಜರಿಯವನು, ವೆಲ್ಡಿಂಗಿನವನು ಯಾಕೆ ಎಂದು ಕೇಳಿದ್ದು, ನಾನು ಹೇಳದೇ ಇದ್ದದ್ದು. ಒಂದನ್ನೂ ಬಿಡಲಿಲ್ಲ. ಲಾರಿಗಳು ಹೋಗುತ್ತಿದ್ದವು. ಒಂದೊಂದು ಮಾತನ್ನು ಎರಡು ಸಲ ಹೇಳಬೇಕಾಯಿತು, ಅದು ಇನ್ನೂ ಕಷ್ಟ.

"ಹಂಗಾರ ದಿಂಬಿನ ಬುಡಕ ಇದ್ದದ್ದು?"

"ಗುಜರಿ ಗುಂಪಿಂದು. ಮಳಿ ಹೊಡಿಸಿದ್ದೆ."

"ಮಳಿ ಹೊಡಸೂವಷ್ಟ ಬುದ್ಧಿ ಬಂತು ನಿನಗ. ಬಾಯಿ ಬಿಡುವಷ್ಟ ಬರಲಿಲ್ಲ."

"ಇಲ್ಲ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಳು.

"ಅಂದ್ರ ಈ ಕೂಸು ಕುಡಗೋಲ ಇರದ ಉಳೀತು," ಎಂದಳು.

"ಹೂಂ, ಅಕ್ಕ. ಅದನ್ನ ಹೇಳಾಕ ಕರಕೊಂಡ ಬಂದೆ. ನಿನ್ನ ಕೈಯಿಂದ ಏನೂ ಆಗಿಲ್ಲ. ಕಳಿಸಿದ್ರೂ ಅಷ್ಟ, ಕಳಸದಿದ್ರೂ ಅಷ್ಟ."

ಇಷ್ಟು ಕೇಳಿದ ಕೂಡಲೇ ಅವಳ ಮುಖ ತಿಳಿಯಾಗುತ್ತದೆ ಎಂದು ನಾನು ಎಣಿಸಿದ್ದೆ. ಮಾಡಿದ ತಪ್ಪಿಗೆ ಬದಲಾಗಿ ಏನೋ ಒಂದು ಒಳ್ಳೆಯದನ್ನು ಸೆರಗಿನಲ್ಲಿ ಕಟ್ಟಿ ತಂದ ಹಾಗೆ ಇತ್ತು ನನಗೆ.

"ಹಂಗಾರ ಆ ಕೂಸು ಯಾಕ ಹೋತು?" ಎಂದಳು.

ನನಗೆ ಗೊತ್ತಿರಲಿಲ್ಲ. ದಿನ ತುಂಬಿರಲಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು, ಅದನ್ನೇ ಹೇಳಿದೆ. ಅದು ಅವಳಿಗೂ ಗೊತ್ತಿತ್ತು.

"ದಿನಾ ಯಾಕ ತುಂಬಲಿಲ್ಲ?"

"ಗೊತ್ತಿಲ್ಲ, ಅಕ್ಕ."

"ನಾ ಕೊಂದೆ ಅಂತಿದ್ದೆ. ಅದೊಂದ ಇತ್ತು ನನ್ನ ಕಡೆ," ಎಂದಳು. "ಅದನ್ನೂ ತಗದ ತೂಕಕ್ಕ ಹಾಕಿದಿ."

ಅಳಿಯ ಬಂದು ಕೀಲಿ ಹಾಕಿ ಟೆಂಪೋ ಚಾಲೂ ಮಾಡಿದ. ಅಕ್ಕ ಮುಂದಿನ ಸೀಟಿಗೆ ಬರಲಿಲ್ಲ. ಹಿಂದೆ ಮಾಲು ಹೇರುವ ಕಡೆ, ತೊಟ್ಟಿಲು ಇಟ್ಟಿದ್ದ ಜಾಗದಲ್ಲಿ, ಹಗ್ಗ ಹಿಡಿದುಕೊಂಡು ಕುಳಿತಳು.

"ಜಗಳ ಆಡಿದ್ರೇನ್ರಿ?" ಎಂದು ಅಳಿಯ ಪಿಸುಗುಟ್ಟಿದ.

"ಇಲ್ಲ. ಗಾಡಿ ಹೊಡಿ."

ಆಮೇಲೆ ಅವಳು ಯಾರ ಮುಂದೆಯೂ 'ನಾ ಕೊಂದೆ' ಎಂದು ಹೇಳಿಲ್ಲ. ಕೂಸನ್ನು ನೋಡಲು ಹಾವೇರಿಗೆ ಹೋಗುತ್ತಾಳೆ, ಎತ್ತಿಕೊಳ್ಳುತ್ತಾಳೆ, ಅಳುವುದಿಲ್ಲವಂತೆ. ಮಗಳು ನನ್ನನ್ನು ಹೊಗಳುತ್ತಾಳೆ, ಚಿಗವ್ವ ಏನು ಹೇಳಿದಳೋ, ಅವ್ವ ಸುಧಾರಿಸಿದಳು ಎಂದು. ನಾನು ಏನು ಹೇಳಿದೆ ಎಂದು ಅಕ್ಕ ಮಗಳಿಗೂ ಹೇಳಿಲ್ಲ. ನನ್ನ ಮಾನ ಉಳಿಸಿದಳೋ, ಅದರ ಮಾತೇ ಬೇಡವಾಯಿತೋ ನಾನು ಕೇಳಿಲ್ಲ. ನನ್ನ ಜೊತೆ ಮಾತು ಬಿಟ್ಟಿಲ್ಲ. ಉಪ್ಪು ಕೇಳುತ್ತಾಳೆ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಾಳೆ. ಒಮ್ಮೊಮ್ಮೆ ಸಂಜೆ ನನ್ನ ಕಟ್ಟೆಗೆ ಬಂದು ಕುಳಿತು, ಬೇರೆ ಏನೋ ಮಾತಿನ ನಡುವೆ ನಿಲ್ಲಿಸಿ, ಅದನ್ನೇ ಕೇಳುತ್ತಾಳೆ.

"ನಿನಗ ಏನ ಅನಸತೈತಿ? ಯಾಕ ಹೋಗಿರಬೇಕದು?"

ಇಬ್ಬರೂ ಕುಳಿತಿರುತ್ತೇವೆ. ನಾನು ಎದ್ದು ಒಳಗೆ ಹೋಗುವುದಿಲ್ಲ. ಅಷ್ಟನ್ನು ಮಾತ್ರ ಮಾಡುತ್ತೇನೆ.